ಗಿಟಾರಿನ ತೀಕ್ಷ್ಣ ನಾದವನ್ನು ಹದಗೊಳಿಸಲು ಪಿಕಪ್ ಬದಲಿಸಬೇಕೇ?

ಪರ: ನಾದವನ್ನು ಹುಟ್ಟುವಲ್ಲೇ ತಿದ್ದಬೇಕು

ತಂತಿಯ ಕಂಪನವನ್ನು ವಿದ್ಯುತ್ತಾಗಿ ಪರಿವರ್ತಿಸುವ ಕೆಲಸ ಪಿಕಪ್ಪಿನದು. ಅದರ ನಂತರ ಬರುವ ಟೋನ್ ಗುಂಡಿ, ಕೇಬಲ್, ಆಂಪ್ಲಿಫೈಯರ್‌ಗಳು ಪಿಕಪ್ ಕೊಟ್ಟದ್ದನ್ನು ತಗ್ಗಿಸಬಲ್ಲವು, ಹಿಗ್ಗಿಸಬಲ್ಲವು. ಅದು ಹಿಡಿಯದೆ ಬಿಟ್ಟದ್ದನ್ನು ಎಲ್ಲಿಂದಲೂ ತಂದುಕೊಡಲಾರವು. ಆದ್ದರಿಂದ ಗಿಟಾರಿನ ಸ್ವರ ಕಿವಿಗೆ ಚುಚ್ಚುತ್ತಿದ್ದರೆ ಅದನ್ನು ಹುಟ್ಟುವಲ್ಲೇ ತಿದ್ದಬೇಕು.

ಸಾಮಾನ್ಯ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪಿನಲ್ಲಿ ಸುಮಾರು 0.06 ಮಿಲಿಮೀಟರ್ ದಪ್ಪದ, 42 ಗೇಜಿನ ತಾಮ್ರದ ತಂತಿಯನ್ನು ಅಯಸ್ಕಾಂತದ ಕಡ್ಡಿಗಳ ಸುತ್ತ ಸುಮಾರು 8000 ಸುತ್ತು ಸುತ್ತಿರುತ್ತಾರೆ. ಸುತ್ತು ಹೆಚ್ಚಿದಷ್ಟೂ ಸುರುಳಿಯ ಇಂಡಕ್ಟನ್ಸ್ (ವಿದ್ಯುತ್ ಪ್ರವಾಹದ ಬದಲಾವಣೆಗೆ ಅದು ಒಡ್ಡುವ ತಡೆ) ಏರುತ್ತದೆ, ಅನುರಣನದ ಶೃಂಗ, ಅಂದರೆ ಪಿಕಪ್ ಅತಿ ಹೆಚ್ಚು ಸ್ಪಂದಿಸುವ ಬಿಂದು, ಕೆಳಗಿನ ಆವೃತ್ತಿಗೆ ಇಳಿಯುತ್ತದೆ, ಮಧ್ಯದ ಸ್ವರಗಳು ಮುಂದೆ ಬರುತ್ತವೆ. ಅಯಸ್ಕಾಂತವೂ ಮುಖ್ಯ: ಅಲ್ನಿಕೊ ಎಂಬ ಮಿಶ್ರಲೋಹದ 5ನೇ ಬಗೆಯ ಜಾಗದಲ್ಲಿ ಬಲ ಕಡಿಮೆಯಿರುವ ಅಲ್ನಿಕೊ 2 ಬಂದರೆ ಮೀಟಿದ ಕ್ಷಣದ ಮೊನಚು ಮೊಂಡಾಗುತ್ತದೆ. ಗಿಬ್ಸನ್ ಕಂಪನಿಗಾಗಿ ಸೆತ್ ಲವರ್ ರೂಪಿಸಿದ, 1957ರಲ್ಲಿ ಗಿಟಾರುಗಳ ಮೇಲೆ ಬಂದ, ಎರಡು ಸುರುಳಿಗಳ ಹಂಬಕರ್ ಪಿಕಪ್ ಹುಟ್ಟಿದ್ದು ಗುಂಯ್‌ಗುಡುವ ಸದ್ದನ್ನು ಅಳಿಸಲು. ಆದರೆ ಎರಡು ಸುರುಳಿಗಳು ತಂತಿಯನ್ನು ಎರಡು ಕಡೆ ಆಲಿಸುವುದರಿಂದ ಅತಿ ಮೇಲಿನ ಹಾರ್ಮೋನಿಕ್‌ಗಳು ಪರಸ್ಪರ ಕಳೆದುಹೋಗಿ, ಇಂದಿಗೂ ಎಲ್ಲರೂ ಬಯಸುವ ತುಂಬುನಾದ ಅದರೊಡನೆ ಬಂದಿತು. ಕೊಳ್ಳುವವರಿಗೆ ಇಲ್ಲೊಂದು ಎಚ್ಚರಿಕೆ ಹೇಳಬೇಕು. ಪೆಟ್ಟಿಗೆಯ ಮೇಲೆ ಬರೆದ ಓಮ್‌ಗಳ (ವಿದ್ಯುತ್ ರೋಧದ) ಲೆಕ್ಕವನ್ನು ನಂಬಬೇಡಿ. ಇನ್ನೂ ತೆಳುವಾದ 43 ಗೇಜಿನ ತಂತಿ ಬಳಸಿದರೆ ಸುತ್ತು ಹೆಚ್ಚದೆಯೂ ಓಮ್ ಹೆಚ್ಚುತ್ತದೆ. ಕೇಳಬೇಕಾದದ್ದು ಇಂಡಕ್ಟನ್ಸ್ ಎಷ್ಟೆಂದು.

ಟೋನ್ ಗುಂಡಿ ತಿರುಗಿಸಿದರೆ ಸಾಲದೇ ಎನ್ನುವವರು ಸದಾ ಇರುತ್ತಾರೆ. ಜೋರಾಗಿ ಮಾತನಾಡುವವನ ಬಾಯಿಗೆ ಬಟ್ಟೆ ತುರುಕಿದರೆ ಅವನ ದನಿ ಇಂಪಾಗುವುದಿಲ್ಲ. ಅಲ್ಲದೆ 1954ರಲ್ಲಿ ಬಂದ, ಮೂರು ಪಿಕಪ್ಪುಗಳ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನ ಮೂಲ ಜೋಡಣೆಯಲ್ಲಿ, ಎಲ್ಲಕ್ಕಿಂತ ಹೆಚ್ಚು ಚುಚ್ಚುವ ಬ್ರಿಡ್ಜ್ ಪಿಕಪ್ಪಿಗೆ (ತಂತಿಗಳು ಗಿಟಾರಿನ ಒಡಲ ಮೇಲೆ ಕೂರುವ ಬ್ರಿಡ್ಜಿನ ಬಳಿಯದು) ಟೋನ್ ಗುಂಡಿಯ ಸಂಪರ್ಕವೇ ಇಲ್ಲ. ಇಲ್ಲದ ಗುಂಡಿಯನ್ನು ಯಾರು ತಿರುಗಿಸುವುದು?

ನಮ್ಮ ತಂಡದ ಗಾಯಕಿ ವೇದಿಕೆಯಲ್ಲಿ ಯಾವಾಗಲೂ ಡ್ರಮ್ಮಿನ ಮಗ್ಗುಲಲ್ಲೇ ನಿಲ್ಲುತ್ತಿದ್ದರು. ಸಿಂಬಲ್ಲಿನ ಅಬ್ಬರ ಯಾವ ಹಾಡುವವರಿಗೂ ಪ್ರಿಯವಲ್ಲ. ಆದರೂ ನನ್ನ ಬ್ರಿಡ್ಜ್ ಪಿಕಪ್ಪಿಗಿಂತ ಅದೇ ಮೇಲೆಂದು ಅವರಿಗೆ ಅನ್ನಿಸಿತ್ತು. ಬಾಯಿಬಿಟ್ಟು ಹೇಳದಿದ್ದರೂ ನಾನು ಏಕವಾದನ ಶುರುಮಾಡಿದೊಡನೆ ಅವರ ಕೈ ಕಿವಿಯತ್ತ ಹೋಗುವುದನ್ನು ಇಡೀ ತಂಡ ನೋಡುತ್ತಿತ್ತು, ಬೇಸ್ ನುಡಿಸುವವರು ಅದನ್ನೇ ಅಣಕಿಸಿ ನಗಿಸುತ್ತಿದ್ದರು. ಬ್ರಿಡ್ಜ್ ಜಾಗಕ್ಕೆ ಅಲ್ನಿಕೊ 2 ಅಯಸ್ಕಾಂತದ ಪಿಕಪ್ ಹಾಕಿಸಿ, ಯಾರಿಗೂ ಸುಳಿವು ಕೊಡದೆ ಅಭ್ಯಾಸಕ್ಕೆ ಹೋದೆ. ಎರಡನೆಯ ಹಾಡಿನ ನಡುವೆ ಆಕೆ ಧ್ವನಿಯ ಮೇಜಿನತ್ತ ತಿರುಗಿ, ತಮ್ಮ ಮಾನಿಟರಿನಲ್ಲಿ ಗಿಟಾರನ್ನು ಇನ್ನಷ್ಟು ಏರಿಸಲು ಕೇಳಿದರು. ಪಿಕಪ್ ಎಂದರೇನೆಂದು ಅವರಿಗೆ ಇಂದಿಗೂ ಗೊತ್ತಿಲ್ಲ. ಇದಕ್ಕಿಂತ ಪಕ್ಷಪಾತವಿಲ್ಲದ ಪರೀಕ್ಷೆಯನ್ನು ಯಾವ ಪ್ರಯೋಗಾಲಯ ಮಾಡೀತು?

ಮೂರು ಪಿಕಪ್ಪುಗಳನ್ನೂ ಒಟ್ಟಿಗೆ ಬದಲಿಸಬೇಕಾಗಿಲ್ಲ, ಬ್ರಿಡ್ಜಿನದರಿಂದ ಶುರುಮಾಡಿ. ಗಿಟಾರಿನ ಮರವನ್ನು ಕೊರೆಯಲು ಮನಸ್ಸಿಲ್ಲದವರಿಗೆ ಸಿಂಗಲ್ ಕಾಯಿಲ್ಲಿನ ಅಳತೆಯಲ್ಲೇ ಕೂರುವ ಹಂಬಕರ್‌ಗಳೂ ಸಿಗುತ್ತವೆ.

ವಿರೋಧ: ಮೊದಲು ಉಳಿದದ್ದನ್ನು ನೋಡಿ

ವಿರೋಧದ ಬದಿ ನನ್ನ ಪಾಲಿಗೆ ಬಂದಿದೆ. ನನ್ನ ಗಿಟಾರಿನಲ್ಲಿರುವುದೂ ಬದಲಿಸಿದ ಪಿಕಪ್ಪೇ ಆದ್ದರಿಂದ ಎಂದಿಗೂ ಬದಲಿಸಬೇಡಿ ಎಂದು ಬರೆಯುವುದು ನನ್ನಿಂದಾಗದು. ಅದು ಮೊದಲ ಹೆಜ್ಜೆಯಾಗಬಾರದು ಎಂದಷ್ಟೇ ವಾದಿಸುತ್ತೇನೆ.

ಪಿಕಪ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದರ ಇಂಡಕ್ಟನ್ಸ್ ಮತ್ತು ಕೇಬಲ್ಲಿನ ಕೆಪಾಸಿಟನ್ಸ್ (ವಿದ್ಯುದಾವೇಶವನ್ನು ಹಿಡಿದಿಡುವ ಗುಣ) ಕೂಡಿಯೇ ಅನುರಣನ ಎಲ್ಲಿ ಬೀಳಬೇಕೆಂದು ನಿರ್ಧರಿಸುತ್ತವೆ. 2.3 ಹೆನ್ರಿ ಇಂಡಕ್ಟನ್ಸಿನ ಸಿಂಗಲ್ ಕಾಯಿಲ್ಲಿಗೆ ಕೇಬಲ್ ಮೊದಲಾದವುಗಳ 650 ಪಿಕೋಫ್ಯಾರಡ್ ಕೆಪಾಸಿಟನ್ಸ್ ಸೇರಿದರೆ ಶೃಂಗ ಸುಮಾರು 4100 ಹರ್ಟ್ಜ್‌ನಲ್ಲಿರುತ್ತದೆ. ಅದೇ ಕೇಬಲ್ಲಿಗೆ 4.5 ಹೆನ್ರಿಯ ಹಂಬಕರ್ ಜೋಡಿಸಿದರೆ 2900ಕ್ಕೆ ಇಳಿಯುತ್ತದೆ. ಹಳೆಯ ಪಿಕಪ್ಪನ್ನೇ ಉಳಿಸಿಕೊಂಡು ವಾಲ್ಯೂಮ್ ಗುಂಡಿಯ ಬಳಿ, ಸಂಕೇತದ ತಂತಿಗೂ ಅರ್ತ್‌ಗೂ ನಡುವೆ 470 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರೊಂದನ್ನು ಬೆಸೆದರೆ 3100ಕ್ಕೆ ಇಳಿಯುತ್ತದೆ. ಹೆಚ್ಚುಕಡಿಮೆ ಒಂದೇ ಜಾಗ. ಪಿಕಪ್ಪಿಗೆ ಕೊಡುವ ಹಣದ ಅತಿ ಸಣ್ಣ ಪಾಲಿನಲ್ಲಿ ಈ ಕೆಲಸ ಮುಗಿಯುತ್ತದೆ, ಹಿಡಿಸದಿದ್ದರೆ ಕಿತ್ತು ತೆಗೆಯಬಹುದು. ಅಯಸ್ಕಾಂತದ 2, 3, 5 ಎಂಬ ಅಂಕಿಗಳನ್ನು ರಾಶಿ ನಕ್ಷತ್ರಗಳಂತೆ ಜಪಿಸುವವರೊಡನೆ ನಾನು ವಾದಕ್ಕಿಳಿಯುವುದಿಲ್ಲ.

ಸಿಂಗಲ್ ಕಾಯಿಲ್ ಇರುವ ಗಿಟಾರಿನಲ್ಲಿ 500 ಕಿಲೋಓಮ್‌ನ ಗುಂಡಿಗಳಿದ್ದರೆ 250ರವನ್ನು ಹಾಕಿಸಿ; ಶೃಂಗದ ಎತ್ತರ ಅಷ್ಟಕ್ಕೇ ತಗ್ಗುತ್ತದೆ. ಬ್ರಿಡ್ಜ್ ಪಿಕಪ್ಪಿಗೆ ಟೋನ್ ಗುಂಡಿಯಿಲ್ಲವೆಂಬ ದೂರಿಗೆ ಸ್ವಿಚ್ಚಿನ ಮೇಲೆ ಒಂದು ತುಂಡು ತಂತಿ ಬೆಸೆಯುವುದೇ ಪರಿಹಾರ. ನಿಕ್ಕಲ್ ಲೇಪಿಸಿದ ಉಕ್ಕಿನ ತಂತಿಗಳ ಬದಲು ಶುದ್ಧ ನಿಕ್ಕಲ್ ಸುತ್ತಿದ ತಂತಿಗಳನ್ನು ಹಾಕಿ ನೋಡಿ. ಇನ್ನು 12 ಅಂಗುಲದ ಸ್ಪೀಕರ್ ಮೇಲಿನ ಸ್ವರಗಳನ್ನು ನೇರ ಗೆರೆಯಲ್ಲಿ ಎಸೆಯುತ್ತದೆ: ನುಡಿಸುವವನ ಮೊಣಕಾಲಿಗೆ ಹದವಾಗಿ ತಾಗುವ ನಾದವೇ ಎದುರಿಗಿದ್ದವನ ಕಿವಿಯನ್ನು ಇರಿಯುತ್ತಿರಬಹುದು. ತಂಡದವರು ದೂರಿದರೆ ಬೆಸುಗೆಯ ಕಡ್ಡಿ ಹಿಡಿಯುವ ಮುನ್ನ ಆಂಪ್ಲಿಫೈಯರನ್ನು ಒಂದಿಷ್ಟು ಪಕ್ಕಕ್ಕೆ ತಿರುಗಿಸಬಹುದಲ್ಲ.

ಇಷ್ಟಾದ ಮೇಲೂ ತೀಕ್ಷ್ಣವೆನಿಸಿದರೆ ಪಿಕಪ್ ಕೊಳ್ಳಲಿ, ನಾನು ಅಡ್ಡ ಬರುವುದಿಲ್ಲ. ಗುಂಯ್‌ಗುಡುವ ಸದ್ದೂ ಕಾಡುತ್ತಿದೆಯೆನ್ನುವವರಿಗೆ ನನ್ನ ಕೆಪಾಸಿಟರ್ ಏನನ್ನೂ ಮಾಡಲಾರದು, ಹಂಬಕರ್ ಮಾಡಬಲ್ಲದು; ಆದರೆ ಇಲ್ಲಿ ಕೇಳಿರುವ ಪ್ರಶ್ನೆ ತೀಕ್ಷ್ಣತೆಯದು.