12ನೇ ಮನೆ

ಮಗಳು ಶಾಲೆಯಿಂದ ಒಂದು ಹಾಳೆ ತಂದಳು. ಹಾಳೆ ತುಂಬ ದೊಡ್ಡದೊಂದು ವೃತ್ತ, ಸುತ್ತಲೂ ಗಡಿಯಾರದ ಹಾಗೆ 12 ಮನೆ. ಇಷ್ಟವಾದ ಒಂದು ಸಿನಿಮಾ ತಗೊಂಡು, ಅದರ ನಾಯಕನ ಪಯಣವನ್ನು ಈ ಮನೆಗಳಲ್ಲಿ ತುಂಬಿಸಬೇಕು. ಅವಳು ಆರಿಸಿದ್ದು 1977ರ ಮೊದಲ ಸ್ಟಾರ್ ವಾರ್ಸ್. ಇಲ್ಲಿ, ಅಮೆರಿಕದಲ್ಲಿ, ಮಕ್ಕಳಿಗೆ ಮೊದಲು ಹೊಳೆಯುವುದೂ ಅದೇ. ಈ ಚಾರ್ಟಿಗೆ ಆ ಸಿನಿಮಾ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ.

ಅದಕ್ಕೆ ಕಾರಣವೂ ಇದೆ. ಅಮೆರಿಕದ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ ಲೋಕದ ಪುರಾಣಗಳನ್ನೆಲ್ಲ ಜಾಲಾಡಿ, 1949ರಲ್ಲಿ ಒಂದು ಪುಸ್ತಕ ತಂದರು. ಎಲ್ಲ ವೀರರ ಕಥೆಗೂ ಎಲುಬು ಒಂದೇ ಎನ್ನುವುದು ಅವರ ವಾದ. ಮನೆ ಬಿಡಬೇಕು, ಕಷ್ಟ ಗೆಲ್ಲಬೇಕು, ಏನನ್ನಾದರೂ ಹೊತ್ತು ಮರಳಬೇಕು. ಅದನ್ನು 17 ಹಂತ ಮಾಡಿದರು. ಸ್ಟಾರ್ ವಾರ್ಸ್ ಬರೆದು ನಿರ್ದೇಶಿಸಿದ ಜಾರ್ಜ್ ಲೂಕಾಸ್ ಚಿತ್ರಕಥೆ ತಿದ್ದುವಾಗ ಅದನ್ನು ಓದಿಕೊಂಡಿದ್ದರು. ಆಮೇಲೆ ಹಾಲಿವುಡ್ಡಿನ ಕ್ರಿಸ್ಟೋಫರ್ ವೋಗ್ಲರ್ 17ನ್ನು 12ಕ್ಕೆ ಇಳಿಸಿದರು. ಪಾತ್ರಗಳಿಗೂ ಅಚ್ಚು ಸಿದ್ಧವಾಯಿತು: ನಾಯಕ, ಗುರು, ಕರೆ ತರುವವನು, ಬಾಗಿಲು ಕಾಯುವವನು, ಬಣ್ಣ ಬದಲಿಸುವವನು, ಸಂಗಾತಿ, ಕೀಟಲೆಯವನು, ನೆರಳು.

ಅಚ್ಚು ಅಂದರೆ ನಮಗೇನು ಹೊಸದಾ? ಯಕ್ಷಗಾನದಲ್ಲಿ ಅದಕ್ಕೆ ವೇಷ ಅಂತಲೇ ಹೆಸರು. ದಕ್ಷಿಣ ಕನ್ನಡದ ಕಡೆಯ ಶೈಲಿಯಾದ ತೆಂಕುತಿಟ್ಟಿನ ಆಟ ನೋಡಿ ಬೆಳೆದವರು ಸ್ಟಾರ್ ವಾರ್ಸ್‌ನ ಮೊದಲ ಹತ್ತು ನಿಮಿಷ ನೋಡಿದರೆ ಸಾಕು. ಗಗನನೌಕೆಯ ಬಿಳಿ ಓಣಿ. ಬಾಗಿಲು ಸಿಡಿಯುತ್ತದೆ. ಬಿಳಿ ಕವಚದ ಸೈನಿಕರು ನುಗ್ಗುತ್ತಾರೆ. ಹೊಗೆ ಇನ್ನೂ ಆರಿಲ್ಲ, ಅಷ್ಟರಲ್ಲಿ ಅದರೊಳಗಿನಿಂದ ಕಪ್ಪು ಶಿರಸ್ತ್ರಾಣ, ಕಪ್ಪು ನಿಲುವಂಗಿ, ಉಸಿರಿನ ಸದ್ದು. ಡಾರ್ತ್ ವೇಡರ್. ನಾನು ಮೊದಲ ಸಲ ನೋಡಿದಾಗಲೇ ಮನಸ್ಸಿಗೆ ಬಂದದ್ದು ಬಣ್ಣದ ವೇಷದ ತೆರೆ ಒಡ್ಡೋಲಗ, ಅಂದರೆ ರಕ್ಕಸ ಪಾತ್ರ ತೆರೆಯ ಹಿಂದಿನಿಂದ ಮಾಡುವ ಪ್ರವೇಶ. ದೊಂದಿಗೆ ರಾಳದ ಪುಡಿ ಎರಚುತ್ತಾರೆ, ಬೆಂಕಿ ಭಗ್ ಎನ್ನುತ್ತದೆ. ತೆರೆಯ ಮೇಲೆ ಮೊದಲು ಕಿರೀಟದ ತುದಿ ಮಾತ್ರ ಕಾಣುತ್ತದೆ. ಮುಂದೆ ಕೂತ ಮಕ್ಕಳು ಅಮ್ಮನ ಸೆರಗಿನೊಳಗೆ. ಮುಖ ಕಾಣುವ ಮೊದಲೇ ಹೆದರಿಸುವ ಈ ಕಸುಬು ಎರಡೂ ಕಡೆ ಒಂದೇ.

ಉಳಿದವರೂ ಅಷ್ಟೇ. ಎರಡು ಸೂರ್ಯ ಮುಳುಗುವುದನ್ನು ನೋಡುತ್ತಾ ಮನೆ ಬಿಡಲು ಚಡಪಡಿಸುವ ನಾಯಕ ಲ್ಯೂಕ್ ಅಪ್ಪಟ ಪುಂಡುವೇಷ, ಹುರುಪಿನ ಎಳೆಯ ವೀರ. ಇಬ್ಬರು ರೋಬೋಟುಗಳು ಹಾಸ್ಯ. ಸೆರೆಮನೆಯಿಂದ ಬಿಡಿಸಲು ಬಂದವರ ಕೈಯಿಂದಲೇ ಬಂದೂಕು ಕಿತ್ತುಕೊಳ್ಳುವ ರಾಜಕುಮಾರಿ ಲೇಯಾಳನ್ನು ನಾನಾದರೆ ಕಸೆ ಸ್ತ್ರೀವೇಷಕ್ಕೆ, ಅಂದರೆ ಕಾದಾಡುವ ಹೆಣ್ಣಿನ ವೇಷಕ್ಕೆ, ಸೇರಿಸುತ್ತೇನೆ. ಪ್ರಮೀಳೆ, ಶಶಿಪ್ರಭೆಯರ ಸಾಲು ಅದು. ಮಗಳ ಹಾಳೆಯಲ್ಲಿ ಲೇಯಾ 'ಸಂಗಾತಿ' ಮನೆಯಲ್ಲಿ, ಲ್ಯೂಕ್‌ನ ಜೊತೆಗಾರ ಹ್ಯಾನ್ ಸೋಲೋನ ಪಕ್ಕ, ಸಣ್ಣ ಅಕ್ಷರದಲ್ಲಿ ಇದ್ದಳು.

ವೇಷದ ತನಕ ಎರಡೂ ದಾರಿ ಜೊತೆಗೇ ಬರುತ್ತವೆ. ಕಥೆ ಹೇಳುವಲ್ಲಿ ಬೇರೆಯಾಗುತ್ತವೆ. 1980ರ ಎರಡನೇ ಸಿನಿಮಾದಲ್ಲಿ ವೇಡರ್ ಲ್ಯೂಕ್‌ಗೆ, ನಾನೇ ನಿನ್ನಪ್ಪ ಅನ್ನುತ್ತಾನಲ್ಲ, ಆ ಗುಟ್ಟು ಕಾಪಾಡಲು ಎಷ್ಟು ಒದ್ದಾಡಿದ್ದಾರೆ ನೋಡಿ. ಸೆಟ್ಟಿನಲ್ಲಿ ಮುಖವಾಡದೊಳಗಿದ್ದ ನಟನ ಬಾಯಲ್ಲಿ ಬೇರೆಯೇ ಮಾತು ಹೇಳಿಸಿ, ನಿಜವಾದ ಮಾತನ್ನು ಆಮೇಲೆ ಇನ್ನೊಬ್ಬರ ಧ್ವನಿಯಲ್ಲಿ ಕೂರಿಸಿದರು.

ಮೊದಲ ಸ್ಟಾರ್ ವಾರ್ಸ್ ಬಂದ 1977ರಲ್ಲೇ ಕನ್ನಡದಲ್ಲಿ ಬಭ್ರುವಾಹನ ಬಂದಿತ್ತು. ಅಪ್ಪ ಅರ್ಜುನ, ಮಗ ಬಭ್ರುವಾಹನ, ಎರಡೂ ರಾಜ್‌ಕುಮಾರ್ ಅವರೇ. ಅಲ್ಲಿಯೂ ಅಪ್ಪ ಮಗ ಎದುರುಬದುರು. ಆದರೆ ಗುಟ್ಟು ಅನ್ನುವುದೇ ಇಲ್ಲ. ಮಗನಿಗೆ ಗೊತ್ತು. ಟಿಕೆಟ್ ತಗೊಂಡವರಿಗೆಲ್ಲ ಗೊತ್ತು. ಇವನು ನನ್ನ ಮಗ ಅಂತ ಒಪ್ಪದೇ ಇರುವವನು ಅಪ್ಪನೊಬ್ಬನೇ. ನೋಡುವವರು ಕಾಯುವುದು ಆ ಮಾತಿನ ಚಕಮಕಿಗೆ. ಅದೇ ಪ್ರಸಂಗ ಯಕ್ಷಗಾನದ ಆಟದಲ್ಲಿದ್ದರೆ ಇನ್ನೂ ಮಜಾ, ಯಾಕೆಂದರೆ ಅರ್ಥವನ್ನು, ಅಂದರೆ ಪಾತ್ರದ ಮಾತನ್ನು, ಕಲಾವಿದರು ರಂಗದ ಮೇಲೇ ಕಟ್ಟುತ್ತಾರೆ. ಒಂದು ರಾತ್ರಿ ಮಗನ ಅಳಲು ಎದೆಗೆ ನಾಟುತ್ತದೆ. ಇನ್ನೊಂದು ರಾತ್ರಿ ಅರ್ಜುನನೇ ಸರಿ ಅನ್ನಿಸಿಬಿಡುತ್ತದೆ. ಅದಕ್ಕೇ ನಮ್ಮವರು ಕಥೆ ಏನು ಅಂತ ಕೇಳುವುದಿಲ್ಲ, ಇವತ್ತು ಅರ್ಜುನ ಯಾರು ಅಂತ ಕೇಳುತ್ತಾರೆ.

ನನ್ನ ತಕರಾರು ಇಲ್ಲೇ ಇರುವುದು. ಈ ವೃತ್ತದ ನಡುವೆ ಒಬ್ಬರಿಗೆ ಮಾತ್ರ ಜಾಗ. ಮಿಕ್ಕವರೆಲ್ಲ ಅವನಿಗೆ ಮೆಟ್ಟಿಲು. ನಮ್ಮ ರನ್ನ ಗದಾಯುದ್ಧದಲ್ಲಿ ಭೀಮನನ್ನು ನಾಯಕ ಅಂತ ಕೂರಿಸಿಯೂ, ಓದಿದವರ ಕಣ್ಣಲ್ಲಿ ದುರ್ಯೋಧನನಿಗೆ ನೀರು ತರಿಸಿದ. ಹಾಗೆ ಸ್ವಲ್ಪ ಜರುಗಿ ಕೂತು ನೋಡಿದರೆ ಸ್ಟಾರ್ ವಾರ್ಸ್‌ನಲ್ಲಿ ಬೇರೆ ಪ್ರಸಂಗಗಳೇ ಇವೆ. ಲೇಯಾಳ ಕಣ್ಣೆದುರೇ ಅವಳ ಗ್ರಹ ಆಲ್ಡೆರಾನ್ ಪುಡಿಯಾಗುತ್ತದೆ. ಊರಲ್ಲ, ದೇಶವಲ್ಲ, ಇಡೀ ಗ್ರಹ. ಅವಳು ಅಳುವುದಕ್ಕೆ ಸಿನಿಮಾ ಒಂದು ನಿಮಿಷ ಕೊಡುವುದಿಲ್ಲ. ಮುಂದೆ, ಒಂದೆರಡು ದಿನದ ಪರಿಚಯದ ಗುರು ಓಬಿ-ವಾನ್ ಸತ್ತನೆಂದು ಲ್ಯೂಕ್ ಕುಸಿದು ಕೂತಾಗ, ಅವನ ಹೆಗಲಿಗೆ ಕಂಬಳಿ ಹೊದಿಸಿ ಸಮಾಧಾನ ಮಾಡುವವಳು ಯಾರು? ಅವಳೇ! ಆ ಕಂಬಳಿಯ ದೃಶ್ಯವನ್ನು ಒಳ್ಳೆಯ ಭಾಗವತರೊಬ್ಬರ ಕೈಗೆ ಕೊಟ್ಟಿದ್ದರೆ ಅರ್ಧ ಗಂಟೆ ಪದ ಹೇಳುತ್ತಿದ್ದರು.

ಇದನ್ನು ಮಗಳಿಗೆ ಹೇಳಿದೆ. ಸುಮ್ನೆ ಹೇಳಿದ್ದು, ಅವಳು ಹಿಂದಿನ ಹಾಳೆ ಹರಿದು ಹೊಸ ವೃತ್ತ ಬರೆದಳು. ನಡುವೆ ಲೇಯಾ. ಕರೆ, ಪರೀಕ್ಷೆ, ಸೆರೆ, ಗೆಲುವು, ಎಲ್ಲ ಸಲೀಸಾಗಿ ತುಂಬಿದವು. 12ನೇ ಮನೆಗೆ ಬಂದು ಪೆನ್ಸಿಲ್ ನಿಂತಿತು. ಅಲ್ಲಿ ಬರೆಯಬೇಕಾದದ್ದು, ಮರಳಿ ಮನೆಗೆ. ಲ್ಯೂಕನ ಮನೆಯೂ ಸುಟ್ಟಿದೆ, ನಿಜ. ಆದರೆ ಅವನು ಹೇಗೂ ಬಿಟ್ಟು ಹೊರಡಬೇಕೆಂದೇ ಇದ್ದ ಹುಡುಗ.

ಕ್ಯಾಂಪ್‌ಬೆಲ್ ಅವರಿಗೆ ಈ ಸಿಕ್ಕು ಗೊತ್ತಿತ್ತು. ಅವರ 17ರಲ್ಲಿ 'ಮರಳಲು ಒಲ್ಲೆ' ಅಂತಲೇ ಒಂದು ಹಂತವಿದೆ, ಅದಕ್ಕೆ ಕೊಟ್ಟ ಉದಾಹರಣೆ ನಮ್ಮ ಮುಚುಕುಂದ. ದೇವತೆಗಳಿಗಾಗಿ ಕಾದಾಡಿ ದಣಿದು ಗುಹೆಯಲ್ಲಿ ಮಲಗಿದವನು ಯುಗ ಕಳೆದು ಎದ್ದ. ಹೊರಗೆ ಬಂದು ನೋಡಿದರೆ ಮನುಷ್ಯರೆಲ್ಲ ಕುಳ್ಳಗಾಗಿದ್ದಾರೆ, ತನ್ನ ಕಾಲದವರು ಒಬ್ಬರೂ ಇಲ್ಲ. ಊರಿಗೆ ಹೋಗದೆ ತಪಸ್ಸಿಗೆ ನಡೆದ. 17ನ್ನು 12 ಮಾಡುವಾಗ ಈ ಹಂತಕ್ಕೆ ಮನೆ ಸಿಗಲಿಲ್ಲ. ಹೊರನಾಡಿನಲ್ಲಿರುವ ನನಗೆ ಅದು ಚೂರು ಜಾಸ್ತಿಯೇ ಚುಚ್ಚಿತು, ಅದಿರಲಿ.

ಮಗಳು ಆ ಮನೆ ಖಾಲಿ ಬಿಟ್ಟಳು. ಹಾಳೆ ವಾಪಸ್ ಬಂದಾಗ ಪಕ್ಕದಲ್ಲಿ ಕೆಂಪು ಪ್ರಶ್ನೆಚಿಹ್ನೆ, ಒಂದು ಅಂಕ ಕಡಿಮೆ.

"ಏನ್ ಬರೀಲಿ ಅಪ್ಪಾ," ಅಂದಳು, "ಹೋಗೋಕೆ ಗ್ರಹವೇ ಇಲ್ವಲ್ಲ."