ಯಾರನ್ನೂ ಕೇಳದೆ ಆರಿಸುವ ಸುಖ

ಚಹಾ ಕಪ್ಪಿನ ಮೇಲೆ ಹೆಸರು, ಮೊಬೈಲ್ ಕವರ್ ಮೇಲೆ ಫೋಟೊ, ಗೋಡೆ ಗಡಿಯಾರದೊಳಗೆ ಮಕ್ಕಳ ಮುಖ. ಇಂಥದ್ದನ್ನೆಲ್ಲ ಆನ್‌ಲೈನ್‌ನಲ್ಲಿ ಮಾಡಿಸಿಕೊಳ್ಳುವವರನ್ನು ಕಂಡರೆ ಕೆಲವರಿಗೆ ನಗು. "ಈಗಿನವ್ರಿಗೆ ಎಲ್ಲಾದ್ರ ಮ್ಯಾಲೂ ತಮ್ಮ ಹೆಸರ ಬೇಕು" ಅಂತಾರೆ. ಹಾಗನ್ನುವವರು ಒಮ್ಮೆ ತಮ್ಮ ಅಡುಗೆಮನೆಯ ಹಳೇ ತಂಬಿಗೆ ತಿರುಗಿಸಿ ನೋಡಲಿ. ಯಾರ ಮದುವೆಗೆ ಯಾರು ಕೊಟ್ಟದ್ದು ಅಂತ ಹೆಸರು, ತಾರೀಖು ಸಮೇತ ಚುಕ್ಕಿ ಚುಕ್ಕಿಯಾಗಿ ಕೊರೆದಿರುತ್ತದೆ.

ಹೇಳಿ ಮಾಡಿಸುವುದು ನಮ್ಮ ಕಡೆ ಹೊಸದೇನಲ್ಲ. ಹಾವೇರಿಯಲ್ಲಿ ಏಲಕ್ಕಿ ಹಾರ ಎಷ್ಟು ಎಳೆಯದು ಬೇಕು ಅಂತ ಹೇಳಿ ಕಟ್ಟಿಸುತ್ತಾರೆ. ಇಳಕಲ್ ಸೀರೆಗೆ ಒಡಲು ಯಾವ ಬಣ್ಣ, ದಡಿ ಚಿಕ್ಕಿ ಪರಾಸೋ ಗೋಮಿಯೋ, ಮೇಲೆ ಕಸೂತಿ ಹಾಕಿಸುವುದಾದರೆ ಗೋಪುರವೋ ತೊಟ್ಟಿಲೋ ಅಂತ ಕೂತು ಮಾತಾಡುವುದು ಹಳೇ ರೂಢಿ. ಹಾಗಾದರೆ ಆನ್‌ಲೈನ್ ಅಂಗಡಿಯ 'ಕಸ್ಟಮೈಸ್' ಬಟನ್ನಿನಲ್ಲಿ ಅಂಥದ್ದೇನಿದೆ? ಅಲ್ಲಿ ಆರಿಸುವಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಅಷ್ಟೇ. ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಹುಬ್ಬಳ್ಳಿಯ ದುರ್ಗದಬೈಲ್ ಪೇಟೆ ಕಡೆ ಸೀರೆ ತರಲು ಹೋದವರಿಗೆ ಗೊತ್ತು. ಉಡುವವಳು ಒಬ್ಬಳು, ಆರಿಸುವವರು ನಾಲ್ಕು ಮಂದಿ. "ಕಪ್ಪ ಬ್ಯಾಡವಾ, ಕಾರ್ಯಕ್ಕ ಛಲೋ ಅನಸೂದಿಲ್ಲ" ಅಂತಾರೆ ಅತ್ತೆ. (ಹಿಂದೆ ಮದುಮಗಳಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯನ್ನೇ ಕೊಡುತ್ತಿದ್ದರು ಅನ್ನುವುದನ್ನು ಅಲ್ಲಿ ಹೇಳುವವರಾರು!) ನಾದಿನಿಗೆ ದಡಿ ಸಣ್ಣದಾಯಿತು. ಅಂಗಡಿಯವರು ಗಾದಿಯ ಮೇಲೆ ಒಂದರ ಮೇಲೊಂದು ಬಿಚ್ಚಿ ಹಾಕಿದಷ್ಟೂ ನಮಗೆ ಮುಲಾಜು. ಕೊನೆಗೆ ಬರಿಗೈಲಿ ಎದ್ದು ಬರಲಾಗದೆ, ಮನಸ್ಸಿಗೆ ಬಾರದ ಸೀರೆಯ ಪಿಶವಿ ಹಿಡಿದು ಮೆಟ್ಟಿಲಿಳಿಯುತ್ತೇವೆ.

ಬ್ಲೌಸಿನದು ಇನ್ನೊಂದು ಕಥೆ. ಟೇಲರ್ ಟೇಪು ಹಿಡಿದು ಎದೆ, ಸೊಂಟ, ತೋಳು ಅಂತ ಒಂದೊಂದೇ ಅಂಕಿ ಕೂಗಬೇಕು, ಹುಡುಗ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಕಟ್ಟೆಯ ಮೇಲೆ ಕಾಯುತ್ತ ಕೂತವರಿಗೆಲ್ಲ ನಮ್ಮ ಮೈಯ ಲೆಕ್ಕ ಬಾಯಿಪಾಠ. ಬೆನ್ನು ಸ್ವಲ್ಪ ಆಳ ಇರಲಿ ಅಂತ ಮೆಲ್ಲಗೆ ಅಂದರೆ "ಎಷ್ಟ ಆಳರೀ ಅಕ್ಕಾರ?" ಅಂತ ಇನ್ನೂ ಗಟ್ಟಿಯಾಗಿ ಕೇಳುತ್ತಾರೆ. ಬೆಟಗೇರಿಯಲ್ಲಿರುವ ನನ್ನ ಚಿಗವ್ವನ ಮಗಳು ಇದಕ್ಕೇ ಬೇಸತ್ತು ಈಗ ಆನ್‌ಲೈನ್‌ನಲ್ಲೇ ಹೊಲಿಸುತ್ತಾಳೆ. ರಾತ್ರಿ ಭಾಂಡೆ ತಿಕ್ಕಿಟ್ಟು, ಕೋಣೆ ಬಾಗಿಲು ಹಾಕಿಕೊಂಡು, ತಾನೇ ಟೇಪು ಸುತ್ತಿ ಅಳತೆ ತುಂಬುತ್ತಾಳೆ. ತೋಳು ಎಲ್ಲಿವರೆಗೆ, ಬೆನ್ನಿಗೆ ಗುಂಡಿಯೋ ಲಾಡಿಯೋ ಅಂತ ಎಷ್ಟು ಸಲ ಬದಲಿಸಿದರೂ ಫೋನು ಏನೂ ಅನ್ನುವುದಿಲ್ಲ.

ಈ ಸುಖ ವ್ಯಾಪಾರದವರಿಗೂ ಚೆನ್ನಾಗಿ ಗೊತ್ತು. ನೈಕಿ ಕಂಪನಿ 1999ರಲ್ಲೇ ಬೂಟಿನ ಬಣ್ಣ ಆರಿಸುವ ಕೆಲಸವನ್ನು ವೆಬ್‌ಸೈಟಿನಲ್ಲಿ ಗಿರಾಕಿಗೆ ಒಪ್ಪಿಸಿತ್ತು. ಆಮೇಲೆ, 2012ರಲ್ಲಿ, ಸಂಶೋಧಕ ಮೈಕೆಲ್ ನಾರ್ಟನ್ ಮತ್ತು ಜೊತೆಗಾರರು, ತಾವೇ ಮಾಡಿದ್ದಕ್ಕೆ ಜನ ಎಷ್ಟು ಬೆಲೆ ಕಟ್ಟುತ್ತಾರೆ ಅನ್ನುವ ಪ್ರಯೋಗಗಳನ್ನು ಪ್ರಕಟಿಸಿದರು. ಕಾಗದದ ಕಪ್ಪೆ, ಕೊಕ್ಕರೆ ಮಡಚಿದವರು ತಮ್ಮ ಸೊಟ್ಟ ಕಪ್ಪೆಗೂ ಪಳಗಿದವರು ಮಡಚಿದ್ದಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ ಕಟ್ಟಿದ್ದರು. 'ನಾ ಮಾಡಿದ್ದು' ಅನ್ನಿಸಿತೋ, ಆಯ್ಕೆ ಒತ್ತಿದಾಗೊಮ್ಮೆ ಬೆಲೆ ಏರುತ್ತಿರುವುದು ಕಣ್ಣಿಗೇ ಬೀಳುವುದಿಲ್ಲ. ಹೆಸರು ಹಾಕಿಸಿದ ವಸ್ತುವನ್ನು ಸಾಮಾನ್ಯವಾಗಿ ವಾಪಸ್ ತಗೊಳ್ಳುವುದೂ ಇಲ್ಲ.

ಕನ್ನಡದಲ್ಲಿ ಹೆಸರು ಹಾಕಿಸುವವರಂತೂ ಪ್ರಿವ್ಯೂ ಎರಡೆರಡು ಸಲ ನೋಡಬೇಕು. ಗೆಳತಿಯೊಬ್ಬಳ ಕಪ್ಪಿನ ಮೇಲೆ ಲಕ್ಷ್ಮಿ ಹೋಗಿ 'ಲಕ್‌ಷ್‌ಮಿ' ಬಂದು ಕೂತಿತ್ತು. ಸಾಫ್ಟ್‌ವೇರಿಗೆ ಒತ್ತಕ್ಷರ ಜೋಡಿಸಲು ಬಾರದಿದ್ದರೆ ಹೀಗೇ ಬಿಚ್ಚಿಕೊಳ್ಳುತ್ತದೆ. ಅಕ್ಷರದ ಮೊಳೆ ಜೋಡಿಸಿ ಪುಸ್ತಕ ಅಚ್ಚು ಹಾಕಿದ ಗದಗಿನ ಪಕ್ಕದಲ್ಲೇ ಇದ್ದು ಇದನ್ನು ನೋಡಬೇಕಾಯಿತು.

ಕಸೂತಿಯ ಹೆಸರಿನಲ್ಲಿ ಆಗುವ ಮೋಸ ಇನ್ನೂ ದೊಡ್ಡದು. ಡಿಸೈನ್ ಆರಿಸಿ, ದಾರದ ಬಣ್ಣ ಆರಿಸಿ ಅಂತಾರೆ, ಬರುವುದು ಮಶೀನಿನದ್ದು, ಇಲ್ಲವೇ ಬರೀ ಪ್ರಿಂಟು. ಕೈ ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ, ದಾರಕ್ಕೆ ಗಂಟಿರುವುದಿಲ್ಲ. ಗವಂತಿ ಹೊಲಿಗೆಯಾದರೆ ಎರಡೂ ಬದಿ ಒಂದೇ ಥರ ಕಾಣಬೇಕು. ಫೋನಿನಲ್ಲಿ ಮುಂಬದಿ ಮಾತ್ರ ತೋರಿಸುತ್ತಾರೆ. ಹಿಂಬದಿಯ ಫೋಟೊ ಕೇಳಿ, ಆಗ ಗೊತ್ತಾಗುತ್ತದೆ.

ನನಗೆ ಸರಿಹೋದದ್ದು ನಡುವಿನ ದಾರಿ. ಧಾರವಾಡದಲ್ಲಿ ಮನೆಯಲ್ಲೇ ಕಸೂತಿ ಹಾಕುವ ಒಬ್ಬರು ವಾಟ್ಸಾಪಿನಲ್ಲಿ ಆರ್ಡರ್ ತಗೊಳ್ಳುತ್ತಾರೆ. ಯಾವ ಕಾರ್ಯಕ್ಕೆ, ಯಾಕೆ ಅಂತ ಕೇಳುವುದಿಲ್ಲ. ದಾರದ ವಿಷಯಕ್ಕೆ ಮಾತ್ರ ಬಿಡುವುದಿಲ್ಲ: "ಈ ಅರಿವಿ ಮ್ಯಾಲ ಆ ದಾರ ಎದ್ದ ಕಾಣೂದಿಲ್ರೀ, ಹಳದಿ ಹಾಕ್ತೇನ್ರಿ?" ಅಂಥ ಮಾತು ಯಾವ ವೆಬ್‌ಸೈಟೂ ಆಡುವುದಿಲ್ಲ. ಅಲ್ಲೇ ಒಂದು ಸೀರೆ ಕೊಟ್ಟಿದ್ದೇನೆ, ಸೆರಗಿಗೆ ಆನೆ, ಮೈಗೆ ಚಿಕ್ಕ ಚಿಕ್ಕ ನಕ್ಷತ್ರ. ಸೀರೆಯ ಬಣ್ಣ ಮಾತ್ರ ಇಲ್ಲಿ ಬರೆಯುವುದಿಲ್ಲ, ನಮ್ಮ ಅತ್ತೆಯವರೂ ಫೇಸ್‌ಬುಕ್‌ನಲ್ಲಿದ್ದಾರೆ.