ಕಿಟ್ ಕಾರಿಗೆ ಟರ್ಬೊ ಹಾಕುವುದಾದರೆ ಟರ್ಬೊವನ್ನು ಕೊನೆಗೆ ಕೊಳ್ಳಿ

ಬಿಡಿಭಾಗ ತಂದು ಕೈಯಾರೆ ಕಿಟ್ ಕಾರು ಕಟ್ಟುವವರಿಗೆ ಟರ್ಬೊ, ಅಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಯಂತ್ರ, ಬೇಕು ಅನ್ನುವ ಆಸೆ ಹುಟ್ಟಿತು ಅಂದರೆ ಮೊದಲು ಮನೆಗೆ ಬರುವುದು ಅದೇ. ಆಮೇಲೆ ಅದಕ್ಕೊಂದು ಮ್ಯಾನಿಫೋಲ್ಡ್ (ಇಂಜಿನ್ನಿನ ಎಕ್ಸಾಸ್ಟ್ ಗಾಳಿಯನ್ನು ಟರ್ಬೊಗೆ ತರುವ ಕೊಳವೆ), ಪೈಪು, ಗಾಳಿ ತಂಪು ಮಾಡುವ ಇಂಟರ್‌ಕೂಲರ್. ಪೆಟ್ರೋಲ್ ಎಷ್ಟು ಹೋಗಬೇಕು, ಕಿಡಿ ಯಾವಾಗ ಹಾರಬೇಕು ಅನ್ನುವುದು ಎಲ್ಲ ಬೋಲ್ಟ್ ಬಿಗಿದಾದ ಮೇಲೆ ನೆನಪಾಗುತ್ತದೆ. ಈ ಕ್ರಮ ಪೂರ್ತಿ ತಲೆಕೆಳಗು. ಟರ್ಬೊ ಬರುವ ಹೊತ್ತಿಗೆ ಇಂಜಿನ್ ಅದನ್ನು ತಾಳಿಕೊಳ್ಳಲು ತಯಾರಾಗಿರಬೇಕು.

ಮೊದಲಿಗೆ, ಎಷ್ಟು ಪವರ್ ಬೇಕು? ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ ಲೋಟಸ್ ಸೆವೆನ್ ಮಾದರಿಯ ಕಾರುಗಳನ್ನೇ ನೋಡಿ. ಇವತ್ತಿಗೂ ಕಿಟ್ ಕಾರು ಕಟ್ಟುವವರಲ್ಲಿ ಬಹಳ ಜನ ಹಿಡಿಯುವ ದಾರಿ ಅದೇ. ಬಾಗಿಲಿಲ್ಲ, ಚಾವಣಿಯಿಲ್ಲ, ತೂಕ 500ರಿಂದ 600 ಕೆ.ಜಿ. ಮಜ್ದಾ ಎಂಎಕ್ಸ್-5ರ ಹಳೆಯ 1.6 ಲೀಟರ್ ಇಂಜಿನ್ ಸುಮಾರು 115 ಎಚ್‌ಪಿ ಕೊಡುತ್ತದೆ. ಅದನ್ನು 550 ಕೆ.ಜಿ. ಕಾರಿಗೆ ಕೂರಿಸಿದರೆ ಟನ್ನಿಗೆ 200 ಎಚ್‌ಪಿ ದಾಟುತ್ತದೆ. ಟರ್ಬೊ ಇಲ್ಲದೆಯೇ ಇಷ್ಟು! ಅದೇ ಇಂಜಿನ್ 160 ಎಚ್‌ಪಿ ಕೊಟ್ಟರೆ ಟನ್ನಿಗೆ 290. ಇಂಥ ಹಗುರ ಕಾರಿಗೆ ಅದಕ್ಕಿಂತ ಜಾಸ್ತಿ ಯಾಕೆ ಬೇಕು ಅಂತ ನನಗೆ ಯಾರೂ ಒಪ್ಪುವ ಹಾಗೆ ಹೇಳಿಲ್ಲ. ಹಿಂದಿನ ಟೈರುಗಳು ನೆಲ ಹಿಡಿಯದಿದ್ದರೆ ಪವರ್ ಇದ್ದೂ ಏನು ಪ್ರಯೋಜನ?

ಹಾಗಾಗಿ ನನ್ನ ಲೆಕ್ಕ 0.5 ಬಾರ್ (ಸುಮಾರು 7 ಪಿಎಸ್‌ಐ) ಬೂಸ್ಟ್, ಅಂದರೆ ಹೊರಗಿನ ಗಾಳಿಯ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ. ಅಲ್ಲಿಗೆ ನಿಲ್ಲಬೇಕು.

ಹೊರಗಿನ ಗಾಳಿಯ ಒತ್ತಡ ಸುಮಾರು 1 ಬಾರ್. ಅದಕ್ಕೆ ಅರ್ಧ ಬಾರ್ ಸೇರಿದರೆ ಗಾಳಿ ಒಂದೂವರೆ ಪಟ್ಟು, ಹಾಗಾದರೆ ಪವರ್ ಕೂಡ ಒಂದೂವರೆ ಪಟ್ಟು ಅಂದುಕೊಳ್ಳುತ್ತಾರೆ. ಅಷ್ಟು ಸಿಗುವುದಿಲ್ಲ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. 25 ಡಿಗ್ರಿ ಗಾಳಿ ಟರ್ಬೊದಲ್ಲಿ ಗಾಳಿ ಒತ್ತುವ ಒಂದು ಸಾಧಾರಣ ಕಂಪ್ರೆಸರ್‌ನಿಂದ ಅರ್ಧ ಬಾರ್ ಬೂಸ್ಟ್‌ನಲ್ಲಿ ಹೊರಬರುವಾಗ 80 ಡಿಗ್ರಿ ಆಸುಪಾಸು ಇರುತ್ತದೆ. ಬಿಸಿ ಗಾಳಿ ತೆಳು, ಹಾಗಾಗಿ ಲಾಭ ಕಡಿಮೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ನಾಕಿಂಗ್. ಕಿಡಿಯಿಂದ ಹೊತ್ತಿದ ಬೆಂಕಿ ಮೂಲೆ ತಲುಪುವ ಮೊದಲೇ ಅಲ್ಲಿ ಉಳಿದ ಮಿಶ್ರಣ ಬಿಸಿಗೆ, ಒತ್ತಡಕ್ಕೆ ತಾನಾಗಿ ಸಿಡಿಯುತ್ತದೆ. ಪಿಸ್ಟನ್ ರಿಂಗ್ ಕೂರುವ ಅಂಚು ಮುರಿಯುವುದು, ಹೆಡ್ ಗ್ಯಾಸ್ಕೆಟ್ ಹೋಗುವುದು ಬಹುಪಾಲು ಇದರಿಂದಲೇ. ಟರ್ಬೊ ಇಂಜಿನ್ ಹೋಯಿತು ಅಂದರೆ ಬೂಸ್ಟ್ ಜಾಸ್ತಿಯಾಗಿತ್ತು ಅಂತಾರೆ. ಎಷ್ಟೋ ಸಲ ಬೂಸ್ಟ್ ಸರಿಯಾಗಿಯೇ ಇರುತ್ತದೆ, ಪೆಟ್ರೋಲ್ ಸಾಲದೆ ಹೋಗಿರುತ್ತದೆ, ಇಲ್ಲವೇ ಕಿಡಿ ಬೇಗ ಹಾರಿರುತ್ತದೆ.

ಇದು ಹೊಸ ಪಾಠವೇನಲ್ಲ. ಎಕ್ಸಾಸ್ಟ್‌ನ ಬಿಸಿ ಗಾಳಿಯಿಂದ ಕಂಪ್ರೆಸರ್ ತಿರುಗಿಸುವ ಯೋಚನೆಗೆ ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಮಾರಾಟದ ಕಾರುಗಳಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದ ಎರಡು ಕಾರುಗಳಲ್ಲಿ. ಶೆವ್ರೊಲೆ ಕೊರ್ವೇರ್‌ನವರು ಟರ್ಬೊಗಾಗಿ ಕಂಪ್ರೆಷನ್, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಅನುಪಾತ, ಇಳಿಸಿದರು. ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್‌ನವರು ಇಳಿಸಲಿಲ್ಲ. 10.25:1 ಕಂಪ್ರೆಷನ್ ಇಟ್ಟುಕೊಂಡೇ ಟರ್ಬೊ ಹಾಕಿದರು. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಇಂಜಿನ್ನಿಗೆ ಸಿಂಪಡಿಸುವ ವ್ಯವಸ್ಥೆ ಮಾಡಿದರು. ಇಂಜಿನಿಯರಿಂಗ್ ಆಗಿ ನೋಡಿದರೆ ಜಾಣ ಕೆಲಸ. ಆದರೆ ಎಷ್ಟೋ ಮಾಲೀಕರು ಆ ಟ್ಯಾಂಕ್ ತುಂಬಿಸಲೇ ಇಲ್ಲ. ಕೊನೆಗೆ ಹಲವು ಕಾರುಗಳಿಂದ ಟರ್ಬೊ ತೆಗೆದು ಮಾಮೂಲಿ ಕಾರ್ಬ್ಯುರೇಟರ್ ಕೂರಿಸಿದರು. ಅವತ್ತು ಅವರು ಎದುರಿಸಿದ ತೊಂದರೆಯೇ ನಮ್ಮದು. ಎನ್‌ಎ, ಅಂದರೆ ಟರ್ಬೊ ಇಲ್ಲದ, ಇಂಜಿನ್ನಿನ ಕಂಪ್ರೆಷನ್ ಸಾಮಾನ್ಯವಾಗಿ 9.5ರಿಂದ 11ರವರೆಗೆ ಇರುತ್ತದೆ. ಅದು ಟರ್ಬೊ ನೆನೆದು ಮಾಡಿದ ಇಂಜಿನ್ ಅಲ್ಲ. ಪಿಸ್ಟನ್ ಬದಲಿಸದೆ ಹಾಕುವುದಾದರೆ ಬೂಸ್ಟ್ ಕಡಿಮೆ ಇರಲೇಬೇಕು, ಅಳತೆ ನಿಖರವಾಗಿರಬೇಕು.

ಅಳತೆ ಅಂದೆ, ಅಲ್ವಾ? ನನ್ನ ಪಟ್ಟು ಇರುವುದು ಅಲ್ಲೇ. ಮೊದಲ ಖರ್ಚು ವೈಡ್‌ಬ್ಯಾಂಡ್ ಲ್ಯಾಂಬ್ಡಾ ಸೆನ್ಸರ್‌ಗೆ ಹೋಗಲಿ. ಅದು ಎಕ್ಸಾಸ್ಟ್ ನೋಡಿ ಗಾಳಿ-ಪೆಟ್ರೋಲ್ ಅನುಪಾತ ಎಷ್ಟಿದೆ ಅಂತ ಹೇಳುತ್ತದೆ. ಪೂರ್ತಿ ಉರಿಯಲು 14.7:1 ಬೇಕು. ಬೂಸ್ಟ್ ಇದ್ದಾಗ 11.5ರಿಂದ 12 ಇಟ್ಟರೆ ಹೆಚ್ಚಿನ ಪೆಟ್ರೋಲ್ ಒಳಗೆ ಸ್ವಲ್ಪ ತಂಪು ಕೊಡುತ್ತದೆ. ಈ ಸಂಖ್ಯೆ ಕಣ್ಣೆದುರು ಇಲ್ಲದೆ ಬೂಸ್ಟ್ ಮುಟ್ಟಬಾರದು. ಕಾರು ಚೆನ್ನಾಗಿ ಎಳೆಯುತ್ತಿದೆ ಅನ್ನುವ ಅನುಭವವನ್ನು ನಂಬಬೇಡಿ. ಪೆಟ್ರೋಲ್ ಸ್ವಲ್ಪ ಕಡಿಮೆಯಾದಾಗಲೂ ಇಂಜಿನ್ ಚೆನ್ನಾಗಿಯೇ ಎಳೆಯುತ್ತದೆ, ಕರಗುವ ತನಕ.

ಎರಡನೆಯ ಖರ್ಚು ಇಸಿಯು, ಅಂದರೆ ಪೆಟ್ರೋಲ್, ಕಿಡಿ ಎರಡನ್ನೂ ನಿಯಂತ್ರಿಸುವ ಕಂಪ್ಯೂಟರ್. ಎನ್‌ಎ ಕಾರಿನಲ್ಲಿ ಇನ್‌ಟೇಕ್ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಓದುವುದು ಸುಮಾರು 1 ಬಾರ್‌ವರೆಗೆ, ಅಂದರೆ ಹೊರಗಿನ ಗಾಳಿಯ ಒತ್ತಡದವರೆಗೆ ಮಾತ್ರ. ಬೂಸ್ಟ್ ಬಂದರೂ ಹಳೆಯ ಇಸಿಯುಗೆ ಅದು ಕಾಣಿಸುವುದಿಲ್ಲ. ಮೊದಲಿನಷ್ಟೇ ಪೆಟ್ರೋಲ್ ಕೊಡುತ್ತದೆ. ಮೊದಲಿನ ಹೊತ್ತಿಗೇ ಕಿಡಿ ಹಾರಿಸುತ್ತದೆ. ಮೆಗಾಸ್ಕ್ವರ್ಟ್‌ನಂಥ, ಕೈಯಾರೆ ಜೋಡಿಸಬಹುದಾದ ಇಸಿಯುಗಳು ಬಂದ ಮೇಲೆ ಇದಕ್ಕೆ ಹೆದರಬೇಕಾಗಿಲ್ಲ. 2.5 ಅಥವಾ 3 ಬಾರ್ ಸೆನ್ಸರ್ ಹಾಕಿ. ಟರ್ಬೊ ಇಲ್ಲದೆಯೇ ಹೊಸ ಇಸಿಯು ಜೊತೆ ಕಾರನ್ನು ಓಡಿಸಿ. ತಣ್ಣಗಿದ್ದಾಗ ಸ್ಟಾರ್ಟ್ ಆಗುವುದು, ಐಡಲ್, ಅರ್ಧ ಆಕ್ಸಿಲರೇಟರ್, ಪೂರ್ತಿ ಆಕ್ಸಿಲರೇಟರ್ ಎಲ್ಲ ಸರಿಹೋಗುವ ತನಕ ಓಡಿಸಿ. ಟರ್ಬೊ ಮತ್ತು ಹೊಸ ಇಸಿಯು ಒಟ್ಟಿಗೆ ಹಾಕಿದವರಿಗೆ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನ ಲೆಕ್ಕ ಸುಲಭ. ಟರ್ಬೊ ಇಂಜಿನ್ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ ಅಂತ ಇಟ್ಟುಕೊಳ್ಳಿ. 160 ಎಚ್‌ಪಿ, ನಾಲ್ಕು ಇಂಜೆಕ್ಟರ್, ಪ್ರತಿಯೊಂದೂ ಶೇ. 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು. ಆಗ ಒಂದೊಂದೂ ನಿಮಿಷಕ್ಕೆ 300 ಸಿಸಿಗಿಂತ ತುಸು ಜಾಸ್ತಿಯದ್ದು ಬೇಕು. ಪೆಟ್ರೋಲ್ ಪ್ರೆಷರ್ ರೆಗ್ಯುಲೇಟರ್‌ನಿಂದ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಒಂದು ಸಣ್ಣ ಹೋಸ್ ಇರಲೇಬೇಕು. ಅದಿಲ್ಲದಿದ್ದರೆ ಬೂಸ್ಟ್ ಏರಿದಷ್ಟೂ ಪೆಟ್ರೋಲ್ ಒತ್ತಡದಲ್ಲಿ ಅಷ್ಟು ಪಾಲು ಕಳೆದುಹೋಗುತ್ತದೆ. 3 ಬಾರ್ ಇದ್ದದ್ದು 2.5 ಬಾರ್‌ನಷ್ಟೇ ಕೆಲಸ ಮಾಡುತ್ತದೆ, ಅದೂ ಪೆಟ್ರೋಲ್ ಜಾಸ್ತಿ ಬೇಕಾದ ಹೊತ್ತಿನಲ್ಲಿ! ಸ್ಪಾರ್ಕ್ ಪ್ಲಗ್ ಒಂದು ಹಂತ ತಂಪಿನದು ಹಾಕಿ, ಗ್ಯಾಪ್ ಸ್ವಲ್ಪ ಕಡಿಮೆ ಮಾಡಿ. ಕಿಡಿಯ ಟೈಮಿಂಗ್ ಅನ್ನು ಪ್ರತಿ ಪಿಎಸ್‌ಐಗೆ ಒಂದು ಡಿಗ್ರಿ ಹಿಂದಕ್ಕೆ ತಂದು ಶುರು ಮಾಡುವುದು ಹಳೆಯ ರೂಢಿ. ಶುರುವಿಗೆ ಅದು ಒಳ್ಳೆಯದೇ.

ಇಷ್ಟಾದ ಮೇಲೆ ಇಂಜಿನ್ನಿನ ಕಂಪ್ರೆಷನ್ ಟೆಸ್ಟ್, ಲೀಕ್‌ಡೌನ್ (ಸಿಲಿಂಡರ್‌ನಿಂದ ಗಾಳಿ ಎಷ್ಟು ಸೋರುತ್ತದೆ ಅನ್ನುವ) ಟೆಸ್ಟ್. ಒಂದು ಸಿಲಿಂಡರ್ ಉಳಿದವಕ್ಕಿಂತ ದುರ್ಬಲವಾಗಿದ್ದರೆ ಮೊದಲು ಅದನ್ನು ಸರಿ ಮಾಡಿ. ಈಗ ಟರ್ಬೊ ಕೊಳ್ಳಿ, ಸಣ್ಣದು ಕೊಳ್ಳಿ. ದೊಡ್ಡ ಟರ್ಬೊ ಮೇಲಿನ ಆರ್‌ಪಿಎಂ ಬರುವ ತನಕ ಏನೂ ಕೊಡುವುದಿಲ್ಲ. ಕೊಟ್ಟಾಗ ಒಮ್ಮೆಲೇ ಕೊಡುತ್ತದೆ. ಹಗುರ ಕಾರು ತಿರುವಿನ ನಡುವೆ ಇದ್ದಾಗ ಅದು ನಿಜಕ್ಕೂ ಅಪಾಯ.

ಸೆವೆನ್ ಮಾದರಿಯಲ್ಲಿ ಜಾಗದ ಕಷ್ಟ ಬೇರೆ ಇದೆ. ಎಕ್ಸಾಸ್ಟ್ ಬದಿಯಲ್ಲಿ ಸ್ಟೀರಿಂಗ್ ಕಂಬಿಯೋ ಬ್ರೇಕ್ ಪೈಪೋ ಬಂದರೆ ಹೀಟ್ ಶೀಲ್ಡ್ ಇಲ್ಲದೆ ಆಗುವುದೇ ಇಲ್ಲ. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಎಕ್ಸಾಸ್ಟ್ ಗಾಳಿ 900 ಡಿಗ್ರಿ ಮುಟ್ಟಬಹುದು. ಮ್ಯಾನಿಫೋಲ್ಡ್‌ಗೆ ತೆಳು ಪೈಪು ಬೇಡ. ಟರ್ಬೊದ ಭಾರ, ಬಿಸಿಗೆ ಹಿಗ್ಗುವುದು, ತಣಿದು ಕುಗ್ಗುವುದು ಸೇರಿ ವೆಲ್ಡ್ ಬಿರುಕು ಬಿಡುತ್ತದೆ. ದಪ್ಪ ಗೋಡೆಯ ಪೈಪಿನಲ್ಲಿ ಮಾಡಿದ ಗಿಡ್ಡ ಮ್ಯಾನಿಫೋಲ್ಡ್ ಚಂದ ಕಾಣದಿದ್ದರೂ ಬಾಳಿಕೆ ಬರುತ್ತದೆ.

ಆಯಿಲ್ ವಾಪಸ್ ಬರುವ ಪೈಪಿನ ವಿಷಯ ಯಾರೂ ಮಾತಾಡುವುದಿಲ್ಲ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಎತ್ತಿ ಹಿಡಿದಿರುವುದು ಒಂದು ತೆಳು ಆಯಿಲ್ ಪೊರೆ. ಒಳಗೆ ಹೋಗುವ ಆಯಿಲ್‌ಗೆ ಪಂಪಿನ ಒತ್ತಡ ಇದೆ. ಹೊರಬರುವ ಆಯಿಲ್ ನೊರೆಯಾಗಿ, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಹಾಗಾಗಿ ಪೈಪು ದಪ್ಪ ಇರಲಿ, ಎಲ್ಲೂ ಮೇಲಕ್ಕೆ ಬಾಗದೆ ಇಳಿಯಲಿ, ಸಂಪಿನಲ್ಲಿ (ಇಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಲಿ. ಟರ್ಬೊ ಹೊಗೆ ಬಿಡುತ್ತಿದೆ ಅಂತ ಸೀಲ್ ಬದಲಿಸುವ ಮುಂಚೆ ಈ ಪೈಪು ನೋಡಿ.

ಬೂಸ್ಟ್ ಮಿತಿ ಮೀರದಂತೆ ಹೆಚ್ಚಿನ ಎಕ್ಸಾಸ್ಟ್ ಗಾಳಿಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್‌ನ ಸ್ಪ್ರಿಂಗ್ ಆರಿಸುವಾಗ ನೆನಪಿಡಿ: ಸ್ಪ್ರಿಂಗ್ ಎಷ್ಟರದ್ದೋ ಅದಕ್ಕಿಂತ ಕಡಿಮೆ ಬೂಸ್ಟ್ ನಿಮಗೆ ಸಿಗುವುದಿಲ್ಲ. ಜಾಸ್ತಿ ಮಾಡಲು ದಾರಿ ಉಂಟು, ಇಳಿಸಲು ಇಲ್ಲ. 0.5 ಬಾರ್ ಬೇಕಾದರೆ ಅಷ್ಟರದ್ದೇ ಹಾಕಿ. ಇಸಿಯುನಲ್ಲಿ 0.65 ಬಾರ್‌ಗೆ ಪೆಟ್ರೋಲ್ ಕಟ್ ಇಟ್ಟುಬಿಡಿ. ವೇಸ್ಟ್‌ಗೇಟ್ ಹೋಸ್ ಕಳಚಿದ ದಿನ ನಿಮ್ಮ ಕಾಲು ಆಕ್ಸಿಲರೇಟರ್ ಬಿಡುವ ಮೊದಲೇ ಅದು ಇಂಜಿನ್ ಉಳಿಸುತ್ತದೆ.